ಇಂಜಿನ್ ಕಾವಿನ ಕಾಯಿಲೆ

ಲಾರಿ ಡ್ರೈವರುಗಳಿಗೆ ಗುಪ್ತರೋಗದ ಬಗ್ಗೆ ತಿಳಿಹೇಳುವುದು ನನ್ನ ಕೆಲಸ. ಇಲ್ಲಿ ನಗು ಬರುವುದು ನಗಬಾರದ ಹೊತ್ತಿನಲ್ಲೇ. ತುಮಕೂರಿನ ಆಸ್ಪತ್ರೆಯ ಕೋಣೆಯಲ್ಲಿ ತುಟಿ ಕಚ್ಚಿಕೊಂಡೇ ಅರ್ಧ ಸರ್ವೀಸು ಕಳೆದಿದ್ದೇನೆ. ಒಂದು ಜೋಡಿಯನ್ನಂತೂ ಮರೆಯಲಾರೆ.

ಏಸಿ ಲಾರಿ

ಕುಣಿಗಲ್ ಬೈಪಾಸಿನ ಲಾರಿ ಸ್ಟ್ಯಾಂಡಿನಲ್ಲಿ ನಮ್ಮ ಕ್ಯಾಂಪು ನಡೆದಿತ್ತು. ಗುಬ್ಬಿಯ ಡ್ರೈವರೊಬ್ಬ ನನ್ನ ಮುಂದೆ ಕೂತು, ನೆಲ ನೋಡುತ್ತ, "ಅಲ್ಲಿ ಒಂದು ಹುಣ್ಣಾಗಿತ್ತು ಮೇಡಂ. ಉಷ್ಣ. ದಿನಾ ಇಂಜಿನ್ ಕಾವಿನ ಮೇಲೇ ಕೂತಿರ್ತೀವಲ್ಲ" ಎಂದ. ಎಳನೀರು ಕುಡಿದನಂತೆ, ತಾನಾಗಿ ಮಾಯಿತಂತೆ.

ಈ ಉಷ್ಣದ ಕಥೆ ಕೇಳಿ ಕೇಳಿ ನನಗೆ ರೋಸಿ ಹೋಗಿತ್ತು. "ನಿಮ್ಮ ಗಾಡಿ ಯಾವುದು?" ಎಂದೆ. ಎದುರಿಗಿದ್ದ ಹೊಚ್ಚ ಹೊಸ ಲಾರಿ ತೋರಿಸಿದ.

"ಅದರಲ್ಲಿ ಏಸಿ ಇದೆಯಲ್ರೀ?"

ಅವನು ಬೆವರು ಒರೆಸಿಕೊಂಡ. "ಆವತ್ತು ಕೆಟ್ಟೋಗಿತ್ತು ಮೇಡಂ."

ಪಾರ್ಸೆಲ್

ಕ್ಯಾಂಪಿನಲ್ಲಿ ಕೊಟ್ಟ ರಕ್ತದ ರಿಪೋರ್ಟಿಗೆ ತುಮಕೂರಿಗೆ ಬಂದ. ಎಚ್‌ಐವಿ ಇಲ್ಲ ಎಂದೆ, ಕೈ ಮುಗಿದ. ಸಿಫಿಲಿಸ್ ಇದೆ ಎಂದೆ, ಮುಗಿದ ಕೈ ಹಾಗೇ ನಿಂತಿತು.

"ಹುಣ್ಣು ಮಾಯಿತು ಅಂತ ರೋಗ ಹೋಗಲ್ಲ, ರಕ್ತದಲ್ಲೇ ಇರುತ್ತೆ. ಸೂಜಿ ಹಾಕಿಸ್ಕೊಳ್ಳಿ. ಮನೆಯವರಿಗೂ ಪರೀಕ್ಷೆ ಆಗ್ಬೇಕು."

"ಅವ್ಳು ಬಸುರಿ ಮೇಡಂ. ಐದು ತಿಂಗ್ಳು."

ಅವಳಿಗೂ ಅಂಟಿದ್ದರೆ ಹೊಟ್ಟೆಯಲ್ಲಿರುವ ಮಗು ಉಳಿಯದೆಯೂ ಹೋಗಬಹುದು. ಅದನ್ನೇ ಹೇಳಿದೆ. ಅವನು ಮೊಬೈಲನ್ನು ನನ್ನತ್ತ ಚಾಚಿದ.

"ನೀವೇ ಫೋನ್ ಮಾಡಿ ಹೇಳ್ಬುಡಿ."

"ನಿಮ್ಮ ವಿಷಯ ನಾನು ಬಾಯಿ ಬಿಡೋ ಹಂಗಿಲ್ಲ. ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ."

ಬಾಗಿಲವರೆಗೆ ಹೋದವನು ತಿರುಗಿ ಬಂದು ಪಿಸುಗುಟ್ಟಿದ. "ಅವ್ಳ ಸೂಜಿ ಪಾರ್ಸೆಲ್ ಕಟ್ಟಿ ಕೊಡಕಾಗಲ್ವಾ?"

ಹಣ್ಣುಕಾಯಿ

ವಾರವಾದರೂ ಆಸಾಮಿಯ ಸುಳಿವಿಲ್ಲ, ಫೋನೂ ಎತ್ತಲಿಲ್ಲ. ಕಾಣದ ಆ ಮಗುವಿನ ಚಿಂತೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಅವಳು ರೇಷ್ಮೆ ಸೀರೆಯುಟ್ಟು ಹಣ್ಣುಕಾಯಿ ಬುಟ್ಟಿ ಹಿಡಿದಿದ್ದಳು.

"ಯಡಿಯೂರಿಗೆ ಅಂತ ಹೊರಡ್ಸಿ ಇಲ್ಯಾಕೆ ಇಳ್ಸುದ್ರು ಮೇಡಂ?"

ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡುತ್ತೇವೆ ಎಂದೆ. ಅದೇನೂ ಸುಳ್ಳಲ್ಲ. ಅಷ್ಟಕ್ಕೆ ಸುಮ್ಮನಿರದೆ ಗಂಡ ಬಾಯಿ ಹಾಕಿದ. "ಈಗ ದೇವಸ್ಥಾನಕ್ಕೆ ಹೋಗೋರಿಗೆಲ್ಲ ರಕ್ತ ನೋಡ್ತಾರೆ ಕಣೇ."

ಪಕ್ಕದ ಸೀಟು

ಅವಳ ರಕ್ತದಲ್ಲೂ ಸೋಂಕಿತ್ತು. ಈಗಲೇ ಸೂಜಿ ಹಾಕಿಸಿಕೊಂಡರೆ ಮಗುವನ್ನು ಕಾಪಾಡಬಹುದು ಎಂದೆ.

"ಇದು ಹೆಂಗೆ ಬರುತ್ತೆ ಮೇಡಂ?"

ನಾನು ಉತ್ತರಿಸುವ ಮುಂಚೆಯೇ ಗಂಡ, "ಇಂಜಿನ್ ಕಾವು ಕಣೇ. ನಂಗೂ ಅದೇ ಆಗಿತ್ತು" ಎಂದ.

ಅವಳು ಅವನನ್ನೇ ನೋಡಿದಳು. "ನಾನು ಲಾರಿನೇ ಹತ್ತಿಲ್ವಲ್ಲ."

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. "ತಪ್ಪಾಯ್ತು ಕಣೇ" ಎಂದು ಅವನು ಅವಳಿಗೆ ಕೈ ಮುಗಿದ. ಅವಳು ಕೂಗಾಡಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮೊದ್ಲು ಸೂಜಿ ಹಾಕಿ" ಎಂದಳು.

ಹೆರಿಗೆಯಾಯಿತು. ಮಗುವಿಗೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ನೆಮ್ಮದಿಯಾಗಿ ಉಂಡೆ.

ಕೆಲವು ತಿಂಗಳ ಮೇಲೆ ಕುಣಿಗಲ್ ಸ್ಟ್ಯಾಂಡಿನಲ್ಲಿ ಅದೇ ಲಾರಿ ನಿಂತಿತ್ತು. ಡ್ರೈವರ್ ನನ್ನನ್ನು ಕಂಡು ಬೆಪ್ಪಾಗಿ ನಕ್ಕ. ಪಕ್ಕದ ಸೀಟಿನಲ್ಲಿ ಅವಳು, ಮಡಿಲಲ್ಲಿ ಮಗು.

"ಎಲ್ಲಿಗಮ್ಮಾ ಹೊರಟೆ?" ಎಂದೆ.

"ಇವರ ಇಂಜಿನ್ ಎಲ್ಲೆಲ್ಲಿ ಬಿಸಿಯಾಗುತ್ತೆ ಅಂತ ನೋಡ್ಕೊಂಡ್ ಬರೋಕೆ ಮೇಡಂ."