ನನ್ನ ತಪ್ಪು ಹೇಳಿ ಎಂದು ಕೇಳಿದ್ದೇ ತಪ್ಪಾಯಿತು!

ಮನುಷ್ಯರನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂಬ ವಿದ್ಯೆಯನ್ನು ನಾನು ಕಾರವಾರದಲ್ಲಿ ಒಂದೇ ದಿನದಲ್ಲಿ ಕಲಿತು ಬಂದೆ. ಊಟದ ಬಿಡುವು ಕಳೆದರೆ ಐದೂವರೆ ತಾಸು. ಕೊನೆಗೆ ಒಂದು ಪ್ರಮಾಣಪತ್ರವನ್ನೂ ಕೊಟ್ಟರು. ಇನ್ನೇನು ಬೇಕು!

ನಾನು ಬೊಬ್ರುವಾಡದ ಒಂದು ಸಣ್ಣ ಗೇರುಬೀಜದ ಕಾರ್ಖಾನೆಯ ಮೇಲ್ವಿಚಾರಕಿ. ಹಿಂದೆ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆ, ಹಾಗಾಗಿ ಇಲ್ಲಿಯೂ ಎಲ್ಲರಿಗೂ ‘ಅಕ್ಕೋರು’. ಬೀಜದ ಸಿಪ್ಪೆ ಬಿಡಿಸುವ ಇಪ್ಪತ್ತೆರಡು ಹೆಂಗಸರು ನನ್ನ ಪ್ರಜೆಗಳು. ಮೊದಲು ಇಪ್ಪತ್ತಮೂರು ಜನ ಇದ್ದರು. ಅವರ್ಸಾದ ತಾರಾ, ಎಲ್ಲರಿಗಿಂತ ಚುರುಕು ಕೈಯವಳು, ಹೋದ ತಿಂಗಳು ಒಂದು ಮಾತೂ ಹೇಳದೆ ಕೆಲಸ ಬಿಟ್ಟಳು. ಕಾರ್ಖಾನೆಯ ಸಾಹುಕಾರರು ನನ್ನನ್ನು ಕರೆದರು. “ಇನ್ನೊಬ್ಳು ಬಿಟ್ರೂ ನಾ ಮಶೀನೇ ತರ್ಸುದು. ಆಮೇಲೆ ಅವ್ರಿಗೂ ಕೆಲ್ಸ ಇಲ್ಲ, ನಿಮ್ಗೂ ಇಲ್ಲ” ಎಂದರು. ನನಗಿಂತ ಮೊದಲು ಆ ಇಪ್ಪತ್ತೆರಡು ಮನೆಗಳ ಒಲೆ ನೆನಪಾಯಿತು. ಅದಕ್ಕೇ ತರಬೇತಿಗೆ ಓಡಿದ್ದು.

ಅಲ್ಲಿ ಕೋಟು ಹಾಕಿದ ಒಬ್ಬ ತರುಣ ಹೇಳಿಕೊಟ್ಟ: ಕೆಲಸದವರು ಬಿಟ್ಟು ಹೋಗಬಾರದೆಂದರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿ. ನಡುವೆ ಮೇಜು ಬೇಡ. ಕುಡಿಯಲು ಏನಾದರೂ ಕೊಡಿ. ಮೊದಲು ನಿಮ್ಮ ತಪ್ಪು ಏನೆಂದು ಅವರನ್ನೇ ಕೇಳಿ. ಮತ್ತೆ ಬಾಯಿ ಮುಚ್ಚಿಕೊಂಡಿರಿ! ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ.

ಮರುದಿನವೇ ನನ್ನ ಕೋಣೆಯ ಮೇಜನ್ನು ಹೊರಗೆ ಹಾಕಿಸಿ, ಕೊಡಪಾನದ ತುಂಬ ಮುರುಗಲು ಹಣ್ಣಿನ ಪಾನಕ ಮಾಡಿಟ್ಟೆ. ಮೊದಲು ಬಂದವಳು ಶೆಟಗೇರಿಯ ದೇವಮ್ಮ, ಎಲ್ಲರಿಗಿಂತ ಹಿರಿಯಳು. ಕುರ್ಚಿಯಲ್ಲಿ ಕೂರು ಎಂದರೆ ಕೇಳಲಿಲ್ಲ, ನೆಲದ ಮೇಲೆ ಕೂತಳು. ಸಮಾನತೆಯ ದೃಷ್ಟಿಯಿಂದ ನಾನೂ ನೆಲಕ್ಕಿಳಿದೆ. ಇಳಿಯುವುದು ಸುಲಭವಾಯಿತು. ನನ್ನ ಮಂಡಿಗೆ ಏಳುವ ತರಬೇತಿ ಆಗಿರಲಿಲ್ಲ!

ಪಾನಕದ ಲೋಟ ಅವಳ ಕೈಗೆ ಕೊಟ್ಟು, ಮೆತ್ತಗಿನ ದನಿಯಲ್ಲಿ, “ದೇವಮ್ಮಾ, ಇಷ್ಟು ವರ್ಷದಲ್ಲಿ ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೇಳು. ಮನಸ್ಸಿನಲ್ಲಿ ಇಟ್ಕೊಳ್ಬೇಡ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಲೋಟ ಕೆಳಗಿಟ್ಟಳು. “ಅಯ್ಯೋ, ಎಂತಾ ತಪ್ಪು ಅಕ್ಕೋರೇ, ನೀವು ದೇವ್ರಂತವ್ರು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಯಿ ಮುಚ್ಚಿಕೊಂಡಿರಬೇಕೆಂಬ ನಿಯಮವಿತ್ತಲ್ಲ, ಸುಮ್ಮನಿದ್ದೆ.

ಸಂಜೆಯೊಳಗೆ ಇಪ್ಪತ್ತೆರಡು ಜನರೂ ಬಂದು ಅತ್ತು ಹೋದರು. ಬೊಬ್ರುವಾಡದ ಗಿರಿಜಾ, ದಿನವೂ ನನ್ನ ಜೊತೆ ಒಂದಾದರೂ ಜಗಳ ಆಡದಿದ್ದರೆ ಊಟ ಸೇರದವಳು, ಅವಳೂ ಅತ್ತಳು! ಒಬ್ಬರೂ ಒಂದು ತಪ್ಪು ಹೇಳಲಿಲ್ಲ. ‘ಸಿಬ್ಬಂದಿಯೊಂದಿಗೆ ಗಾಢವಾದ ಭಾವನಾತ್ಮಕ ಸಂಬಂಧ ಸ್ಥಾಪನೆಯಾಗಿದೆ’ ಎಂದು ವಹಿಯಲ್ಲಿ ಬರೆದೆ. ನನಗೆ ನಾನೇ ನೂರಕ್ಕೆ ನೂರು ಅಂಕ ಕೊಟ್ಟುಕೊಂಡೆ.

ಮಾರನೆಯ ದಿನ ಸಂಬಂಧ ಇನ್ನೂ ಗಾಢವಾಯಿತು. ಗಿರಿಜಾ ಯಾವುದೋ ಬೇರಿನ ಕಷಾಯ ತಂದು ಎದುರಿಗೆ ನಿಂತು ಕುಡಿಸಿದಳು. ಮತ್ತೊಬ್ಬಳು ಊರಕೋಳಿಯ ಮೊಟ್ಟೆ ತಂದಳು. ನಾನು ಒಂದು ತಟ್ಟೆ ಬೀಜ ಎತ್ತಲು ಹೋದರೆ ನಾಲ್ಕು ಕೈ ಅಡ್ಡ ಬಂದವು. ಆಹಾ, ಕೋಟಿನ ಹುಡುಗ ಸುಳ್ಳು ಹೇಳಿರಲಿಲ್ಲ!

ಅವತ್ತು ನಮ್ಮ ಮನೆಯವರು ಬಸ್ ಡಿಪೋದ ಗುಮಾಸ್ತಿಕೆ ಮುಗಿಸಿ ಬೇಗ ಬಂದರು. ಚಾ ಕುಡಿದ ಲೋಟವನ್ನು ತಾವೇ ತೊಳೆದಿಟ್ಟರು. ಮದುವೆಯಾಗಿ ಹದಿನೆಂಟು ವರ್ಷ, ಇದೇ ಮೊದಲು. ನನಗೆ ಗಾಬರಿಯಾಯಿತು.

“ಕೇಳಿದ್ರಾ, ಹುಶಾರಿದ್ರಿ ಅಲಾ?”

“ನಾ ಹುಶಾರಿದ್ದೆ. ನಿಂಗೆ ಎಂತಾ ಆಯ್ತು ಹೇಳು. ಗಿರಿಜಾನ ಅಣ್ಣ ಕಂಡಕ್ಟರ್ ನನ್ನ ಕೈ ಹಿಡ್ಕಂಡು ‘ಧೈರ್ಯ ತಕಣಿ’ ಅಂದ. ನಂಗೇ ಹೇಳ್ದೆ ಕಾರ್ವಾರದ ಡಾಕ್ಟ್ರ ಹತ್ರ ಹೋಗಿ ಬಂದ್ಯಾ?”

ಪ್ರಮಾಣಪತ್ರ ತೋರಿಸಿದೆ. ಎರಡು ಸಲ ಓದಿದರು. “ಇದ್ಕೆ ನಾ ಲೋಟ ತೊಳ್ದೆ” ಎಂದು ಹೊರಗೆ ಹೋಗಿ ಕೂತರು. ಆದರೂ ಹೋಗುವಾಗ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಬೆಳಿಗ್ಗೆ ಹೋದ ಕೂಡಲೇ ಎಲ್ಲರಿಗೂ ನಿಜ ಹೇಳಬೇಕೆಂದುಕೊಂಡು ಕಾರ್ಖಾನೆಗೆ ಬಂದರೆ, ಒಬ್ಬಳೂ ಇಲ್ಲ! ಖಾಲಿ ಮಣೆಗಳು. ಸಾಲಾಗಿ ಇಪ್ಪತ್ತೆರಡು. ಅಷ್ಟರಲ್ಲಿ ಸಾಹುಕಾರರು ಬಂದರು.

“ಒಬ್ಬಳೂ ಹೋಗ್ದಂಗೆ ನೋಡಿ ಅಂದ್ರೆ ಎಲ್ರನ್ನೂ ಕಳ್ಸಿದ್ರಾ?”

ನಾನು ಬಾಗಿಲ ಮೆಟ್ಟಿಲ ಮೇಲೆ ಕೂತೆ. ಸಾಹುಕಾರರು ಮಶೀನಿನವರ ನಂಬರು ಹುಡುಕತೊಡಗಿದರು.

ಹನ್ನೊಂದರ ಹೊತ್ತಿಗೆ ಒಂದು ಟೆಂಪೋ ಬಂದು ನಿಂತಿತು. ಒದ್ದೆ ಕೂದಲು, ಹಣೆಯಲ್ಲಿ ಕುಂಕುಮ, ಇಪ್ಪತ್ತೆರಡು ಜನರೂ ಇಳಿದರು. ದೇವಿಗೆ ಹಣ್ಣುಕಾಯಿ ಮಾಡಿಸಿ ನನ್ನ ಆಯುಷ್ಯ ಕೇಳಿ ಬಂದಿದ್ದರು. ದೇವಮ್ಮ ನನ್ನ ಮುಡಿಗೆ ಹೂವಿಟ್ಟು, “ನಮ್ಮತ್ತೆ ಹೋಗುಕೆ ನಾಕ್ ದಿನ ಮೊದ್ಲು ಹಿಂಗೇ ಒಬ್ಬೊಬ್ರನ್ನೇ ಕರ್ದು ‘ತಪ್ಪಾಗಿದ್ರೆ ಹೇಳಿ’ ಅಂದಿದ್ರು ಅಕ್ಕೋರೇ. ಗಟ್ಟಿ ಇದ್ದವ್ರು ಯಾರು ಹಂಗೆ ಕೇಳ್ತ್ರು?” ಎಂದು ಬಿಕ್ಕಿದಳು.

ನಾನೂ ಅತ್ತೆ. ಅಳುತ್ತಲೇ, ನನಗೆ ಏನೂ ಆಗಿಲ್ಲ, ಮಂಡಿ ಬಿಟ್ಟರೆ ಎಲ್ಲ ಸರಿಯಿದೆ, ಅದು ಬರೀ ತರಬೇತಿ ಎಂದು ಹೇಳಿದೆ.

ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಸಾಯುದಿಲ್ಲ ಅಲಾ? ಖರೇ? ಹಂಗಾದ್ರೆ ಈಗ ಹೇಳ್ತೆ ಕೇಳಿ!”

ಶುರುವಾಯಿತು ಫೀಡ್‌ಬ್ಯಾಕ್! ಫ್ಯಾನು ಯಾವಾಗಲೂ ನನ್ನ ಕಡೆಗೇ ತಿರುಗಿರುತ್ತದಂತೆ. ಊಟದ ಗಂಟೆ ಹೊಡೆಯಲು ಮರೆಯುವ ನಾನು, ಕೆಲಸದ ಗಂಟೆ ಒಂದು ದಿನವೂ ಮರೆತಿಲ್ಲವಂತೆ. ಬಾಲವಾಡಿ ಮಕ್ಕಳಂತೆ ಅವರನ್ನು ಎದ್ದು ನಿಲ್ಲಿಸುತ್ತೇನಂತೆ. ಸಾಹುಕಾರರು ಮೊಬೈಲು ಕಿಸೆಗೆ ಹಾಕಿ, ಕುರ್ಚಿ ಎಳೆದುಕೊಂಡು, ಬಹಳ ಆಸಕ್ತಿಯಿಂದ ಕೇಳಿದರು. ಕೊನೆಗೆ ದೇವಮ್ಮ ಮೆಲ್ಲಗೆ ಹೇಳಿದಳು: “ತಾರನ ಕೂಸಿಗೆ ಜ್ವರ ಇತ್ತು ಅಕ್ಕೋರೇ. ತಡ ಆಯ್ತು ಅಂತ ಅವ್ಳನ್ನ ಎಲ್ಲರೆದ್ರು ಬೈದ್ರಿ. ಎಂತಕ್ಕೆ ತಡ ಅಂತ ಕೇಳ್ಲಿಲ್ಲ.”

ಅದು ಚುಚ್ಚಿತು. ಕೇಳಿರಲಿಲ್ಲ, ಹೌದು.

ಸಂಜೆಯೇ ಅವರ್ಸಾಕ್ಕೆ ಹೋದೆ. ಹೆದ್ದಾರಿಯ ಪಕ್ಕದಲ್ಲೇ ತಾರನ ಮನೆ. ಅವಳು ಅಂಗಳದಲ್ಲಿ ಮಗುವಿಗೆ ಗಂಜಿ ಉಣ್ಣಿಸುತ್ತಿದ್ದಳು. ತರಬೇತಿಯಲ್ಲಿ ಕಲಿತ ಒಂದು ವಾಕ್ಯವೂ ನೆನಪಾಗಲಿಲ್ಲ. “ನಾ ಕೇಳ್ಬೇಕಿತ್ತು ತಾರಾ. ಕೂಸು ಹೇಗಿದೆ?” ಎಂದೆ ಅಷ್ಟೇ.

ತಾರಾ ಮಗುವನ್ನು ನನ್ನ ಮಡಿಲಿಗೆ ಹಾಕಿ, ಗಂಜಿಯ ಬಟ್ಟಲು ಕೈಗಿತ್ತಳು. “ಸೋಮವಾರ ಬರ್ತೆ” ಎಂದಳು. ಯಾಕೋ ಸುಮ್ಮನಿರಲಾರದೆ ನಾನು ಕಾರವಾರದ ತರಬೇತಿಯ ಕಥೆಯನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ರಸ್ತೆ ಕಡೆ ಕೈ ಮಾಡಿದಳು.

“ಅಲ್ಲ ಅಕ್ಕೋರೇ, ಕಾರ್ವಾರದ ಬಸ್ಸು ಇಲ್ಲೇ ನಮ್ಮನೆ ಎದ್ರಿಂದ್ಲೇ ಹೋಗುದಲಾ. ಆವತ್ತೇ ಇಳ್ದಿದ್ರೆ ಆಗ್ತಿತ್ತು!”

ನಾನು ಬಾಯಿ ಮುಚ್ಚಿಕೊಂಡು ಮಗುವಿಗೆ ಗಂಜಿ ಉಣ್ಣಿಸಿದೆ.