ಅಡುಗೆಮನೆ ಗೋಡೆಗೆ ನಾನು ಪರಿಹಾರ ಕೊಡಿಸಿದ್ದು

ಸರ್ಕಾರದಿಂದ ಪರಿಹಾರ ಪಡೆಯುವುದು ಕಷ್ಟ ಎನ್ನುವವರಿಗೆ ಸರಿಯಾಗಿ ಮಾತಾಡಲು ಬರುವುದಿಲ್ಲ, ಅಷ್ಟೇ. ಹಾಗೆಂದು ನಾನು ದೃಢವಾಗಿ ನಂಬಿದ್ದೆ. ನನಗೋ, ನಮ್ಮೂರು ಆಲ್ದೂರಿನ ಅರ್ಧ ಜನರ ದನಿಯಲ್ಲಿ ಮಾತಾಡಲು ಬರುತ್ತಿತ್ತು!

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಹಿತ್ತಲ ಗುಡ್ಡದ ಧರೆ ಜರಿದು ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಮಲಗಿಬಿಟ್ಟಿತು. ಅಮ್ಮ ಒಲೆಯನ್ನು ಜಗಲಿಗೆ ತಂದಳು. ಹೊಸ ಗೋಡೆ ಕಟ್ಟಿಸುವ ಶಕ್ತಿ ನಮಗಿರಲಿಲ್ಲ. ಕಂದಾಯ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟೆ. "ರೆವಿನ್ಯೂ ಇನ್ಸ್‌ಪೆಕ್ಟರ್ ಬಂದು ನೋಡೋ ತನಕ ಏನೂ ಮುಟ್ಬೇಡಿ" ಎಂದರು. ನಾವು ಮುಟ್ಟಲಿಲ್ಲ. ಮಳೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ದಿನಾ ಒಳಗೆ ಬಂದು ಪರಿಶೀಲಿಸಿ ಹೋಗುತ್ತಿತ್ತು!

ಅಧಿಕಾರಿಗಳೆಂದರೆ ಅಮ್ಮನಿಗೆ ಸಂಕೋಚ. ಆದ್ದರಿಂದ ಮನೆಯಲ್ಲೇ ತರಬೇತಿ ಶಿಬಿರ ಏರ್ಪಡಿಸಿದೆ. ಕಚೇರಿಯಲ್ಲಿ ಕಂಡಿದ್ದ ಇನ್ಸ್‌ಪೆಕ್ಟರನ್ನು ಇಡಿಯಾಗಿ ಮೈಮೇಲೆ ತಂದುಕೊಂಡೆ. ಹೊಟ್ಟೆ ಮುಂದೆ, ತಲೆ ಹಿಂದೆ, ಪ್ರತಿ ಮಾತಿನ ಕೊನೆಗೊಂದು ಮೂಗಿನ "ಹ್ಞಾಂ?"

"ಏನಮ್ಮಾ, ಏನು ತೊಂದ್ರೆ ನಿಮ್ದು, ಹ್ಞಾಂ?"

"ಏನು ಅಂತ ಕೇಳ್ತೀರಲ್ಲ! ಮನೆ ತುಂಬ ಹೊಗೆ, ಅಕ್ಕಿ ಡಬ್ಬಿ ತನಕ ನೀರು. ನಿಮ್ಮನೇಲಿ ಹಿಂಗಾಗಿದ್ರೆ ಸುಮ್ನಿರ್ತಿದ್ರಾ?" ಅಮ್ಮ ಅಬ್ಬರಿಸಿದಳು. ಪಕ್ಕದ ಮನೆಯ ಗಿರಿಜಕ್ಕ ಚಪ್ಪಾಳೆ ತಟ್ಟಿದರು. ಒಂದು ವಾರ ಇದೇ ನಡೆಯಿತು.

ಕೊನೆಗೆ ಅಸಲಿ ಇನ್ಸ್‌ಪೆಕ್ಟರ್ ಬಂದರು. ನಾನು ಅವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವಷ್ಟರಲ್ಲಿ ಅಮ್ಮ, ಮನೆಗೆ ಬಂದವರೆದುರು ಹರಕು ತೋರಿಸುವುದು ಹೇಗೆಂದು, ಬಿದ್ದ ಗೋಡೆಯ ಜಾಗಕ್ಕೆ ಮದುವೆಯ ಜಮಖಾನ ಇಳಿಬಿಟ್ಟಿದ್ದಳು! ಜಗಲಿಯಲ್ಲಿ ಕಡುಬು, ಕಾಫಿ ಸಿದ್ಧ.

"ಏನಮ್ಮಾ, ತೊಂದ್ರೆ ಜಾಸ್ತಿನಾ, ಹ್ಞಾಂ?"

"ಅಯ್ಯೋ, ಅಂಥದ್ದೇನಿಲ್ಲ ಸಾರ್. ಚೆನ್ನಾಗೇ ಇದೀವಿ. ಇನ್ನೊಂದು ಕಡುಬು ಹಾಕ್ಲಾ?"

ಇನ್ಸ್‌ಪೆಕ್ಟರ್ ಬರೆದುಕೊಂಡರು. ಕಡುಬಿನ ವಿಷಯವನ್ನಲ್ಲ!

ನಾನು ಮುಂದೆ ನುಗ್ಗಿದೆ. "ಸಾರ್, ಅಮ್ಮ ದಾಕ್ಷಿಣ್ಯಕ್ಕೆ ಹಂಗಂತಿದಾಳೆ. ಗೋಡೆ ಪೂರ್ತಿ ಹೋಗಿದೆ, ಹ್ಞಾಂ?"

ವಾರದಿಂದ ಮೂಗಿನಲ್ಲಿ ಠಿಕಾಣಿ ಹೂಡಿದ್ದು ಹೊರಟೇಬಿಟ್ಟಿತು. ಹೊಟ್ಟೆಯೂ ತಾನಾಗಿ ಮುಂದೆ ಬಂದಿತ್ತು. ಗಿರಿಜಕ್ಕ ಬಾಯಿಗೆ ಸೆರಗು ತುರುಕಿಕೊಂಡು ಅಂಗಳಕ್ಕೆ ಓಡಿದರು.

"ನನ್ನೇ ಅಣಕಿಸ್ತೀಯಾ, ಹ್ಞಾಂ?"

"ಇಲ್ಲ ಸಾರ್, ಹ್ಞಾಂ!"

ಅವರು ಪೆನ್ನಿನ ತುದಿಯಿಂದ ಜಮಖಾನ ಒಂದಿಷ್ಟು ಎತ್ತಿ, ಇಣುಕಿ, "ಭಾಗಶಃ ಹಾನಿ" ಎಂದು ಗೀಚಿದರು. ಉಳಿದ ಮೂರು ಗೋಡೆ ನಿಂತಿವೆಯಂತೆ! ನಿಯತ್ತಾಗಿ ನಿಂತಿದ್ದೇ ಅವುಗಳ ತಪ್ಪೇ? ಅವನ್ನೂ ಒದ್ದು ಕೆಡವಿ, ನಾವೂ ಅಡಿಯಲ್ಲಿ ಮಲಗಿ, "ಈಗ ಬರೀರಿ ಸ್ವಾಮಿ" ಎನ್ನಬೇಕಿತ್ತೇ? ಒಲೆಯಿದ್ದ ಜಾಗದಲ್ಲಿ ಕೂತರೆ ಇಡೀ ಗುಡ್ಡ ಕಾಣುವ ಅಡುಗೆಮನೆ ಇವರ ಲೆಕ್ಕದಲ್ಲಿ ಭಾಗಶಃ! ಇವರ ಛತ್ರಿಯಲ್ಲಿ ಒಂದು ತೂತು ಬಿದ್ದಿದ್ದರೆ ಗೊತ್ತಾಗುತ್ತಿತ್ತು, ಭಾಗಶಃ ನೆನೆಯುವುದು ಹೇಗೆಂದು!

ಬಂದ ಹಣದಲ್ಲಿ ಗೋಡೆಯ ಬುಡವೂ ಏಳುತ್ತಿರಲಿಲ್ಲ. ಬಿದಿರಿನ ತಡಿಕೆ ಕಟ್ಟಿದೆವು. ಕೈಜೋಡಿಸಲು ಬಂದ ಗಿರಿಜಕ್ಕನ ಗಂಡ ಬೀಡಿ ಹಚ್ಚುತ್ತ, "ಒಂದ್ಸಲ ಆ ಇನ್ಸ್‌ಪೆಕ್ಟರನ್ನ ಮಾಡೋ ಮಾರಾಯ" ಎಂದರು. ಮಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಈಗ ಅವ್ರ ಮುಂದೆ ನಿಂತಿದ್ದ ನಿನ್ನ ಮಾಡು, ನೋಡಾಣ!" ಅವರೇ ಮತ್ತೆ ಕೆಣಕಿದರು.

ನನಗೆ ಬರಲಿಲ್ಲ. ಒಲೆ ಊದುತ್ತಿದ್ದ ಅಮ್ಮ ಎದ್ದಳು. ಬಾಯಿ ತೆರೆದು, ಕಣ್ಣು ಪಿಳಿಪಿಳಿ ಬಿಟ್ಟು, ಇಲ್ಲದ ಹೊಟ್ಟೆಯನ್ನು ಮುಂದೆ ತಂದು, ಥೇಟ್ ನನ್ನ ದನಿಯಲ್ಲೇ "ಇಲ್ಲ ಸಾರ್, ಹ್ಞಾಂ!" ಎಂದಳು.

ಕಲ್ಲಿನ ಗೋಡೆಯಾಗಿದ್ದರೆ ನನ್ನ ಮಾನ ಮನೆಯೊಳಗೇ ಉಳಿಯುತ್ತಿತ್ತು. ತಡಿಕೆಯಲ್ಲವೇ, ಎಲ್ಲ ಹೊರಗೆ ಕೇಳಿಸಿ, ಹಿತ್ತಲ ದಾರಿಯಲ್ಲಿ ಹೋಗುತ್ತಿದ್ದವರೂ ನಿಂತು ನಕ್ಕರು!