ನೊರೆಯ ಪಾಠ

ಜೀವಶಾಸ್ತ್ರ ಪಾಠ ಮಾಡುವವರು ತಮಗೂ ಒಂದು ದೇಹವಿದೆ ಎಂಬುದನ್ನು ಮರೆತುಬಿಡುವ ಸಾಧ್ಯತೆ ಹೆಚ್ಚು. ಚಿಂತಾಮಣಿಯ ಕಾಲೇಜೊಂದರಲ್ಲಿ ವರ್ಷವರ್ಷವೂ ಬೋರ್ಡಿನ ಮೇಲೆ ಮೂತ್ರಪಿಂಡದ ಚಿತ್ರ ಬರೆಯುತ್ತ ಬಂದವನು ನಾನು. ಅದು ಎಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತೆಂದರೆ, ನನ್ನೊಳಗಿರುವುದೂ ಹಾಗೆಯೇ ಇರುತ್ತದೆಂದು ನಂಬಿದ್ದೆ. ನಾನು ಮುಂದೆ ನಿಂತರೆ ಆ ಚಿತ್ರ ಅರ್ಧ ಮುಚ್ಚಿಹೋಗುತ್ತಿತ್ತು ಎಂಬುದು ಬೇರೆ ಮಾತು.

ಈಚೆಗೆ ಮೂತ್ರದಲ್ಲಿ ನೊರೆ ಕಾಣತೊಡಗಿತು. ಹೆಂಡತಿ ಶಾರದೆ ಬಚ್ಚಲಿಗೆ ಸುರಿಯುವ ಸೋಪಿನ ನೀರಿನ ಮೇಲೆ ತಪ್ಪು ಹೊರಿಸಿದೆ. ಅವಳು ಸೋಪು ಬದಲಿಸಿದಳು, ನೊರೆ ಬದಲಾಗಲಿಲ್ಲ. ಸಂಜೆಯ ಹೊತ್ತಿಗೆ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತತೊಡಗಿದ ಮೇಲೆ, ಅವಳು ವಾದ ನಿಲ್ಲಿಸಿ ನನ್ನನ್ನು ಚಿಕ್ಕಬಳ್ಳಾಪುರದ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ನಸ್ರೀನ್, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯ ಮಗಳು, ನನ್ನದೇ ಹಳೆಯ ವಿದ್ಯಾರ್ಥಿನಿ. ನನ್ನ ರಕ್ತದ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮೇಲೆ ತಿಳಿಯಾಗಿ ನಿಲ್ಲಬೇಕಾದ ದ್ರವ ಕೊಬ್ಬು ಸೇರಿ ನೀರುಮಜ್ಜಿಗೆಯಂತೆ ಬೆಳ್ಳಗಿತ್ತು.

"ಕೊಬ್ಬು ಅಂದ್ರೆ ಸುಮ್ನೆ ಕೂತಿರೋ ಮೂಟೆ ಅಂತ ನೀವು ಹೇಳ್ಕೊಟ್ರಿ ಸಾರ್," ಎಂದಳು. "ಅದು ಸುಮ್ನೆ ಕೂರಲ್ಲ."

ಆಮೇಲೆ ನಾನು ವಿದ್ಯಾರ್ಥಿಯಾದೆ. ಕೊಬ್ಬಿನ ಕೋಶಗಳು ದಿನವಿಡೀ ರಕ್ತಕ್ಕೆ ರಾಸಾಯನಿಕ ಸಂದೇಶಗಳನ್ನು ಬಿಡುತ್ತಿರುತ್ತವಂತೆ. ಅವುಗಳಲ್ಲಿ ಕೆಲವು ಮೂತ್ರಪಿಂಡದಲ್ಲಿ ಉರಿಯೂತ ಎಬ್ಬಿಸುತ್ತವೆ. ರಕ್ತದಲ್ಲಿ ಹೆಚ್ಚಾದ ಕೊಬ್ಬು ಅಲ್ಲಿನ ಸೋಸುವ ಕೋಶಗಳ ಒಳಗೇ ಸೇರಿ ಅವುಗಳನ್ನು ಸೊರಗಿಸುತ್ತದೆ. ಇಷ್ಟು ದೊಡ್ಡ ಮೈಗಾಗಿ ದುಡಿದು ದಣಿದ ಜರಡಿ, ಉಳಿಸಿಕೊಳ್ಳಬೇಕಾದ ಪ್ರೋಟೀನನ್ನು ಸೋರಲು ಬಿಡುತ್ತದೆ. ಅದೇ ನೊರೆ.

ಶಾರದೆ ಮೆಲ್ಲಗೆ ಕೇಳಿದಳು: "ಡಯಾಲಿಸಿಸ್ ಅಂತಾರಲ್ಲಮ್ಮ, ಅಲ್ಲಿಗೇ ಹೋಗುತ್ತಾ ಇದು?"

"ಈಗ್ಲೇ ಇಲ್ಲಮ್ಮ. ಆದ್ರೆ ಹಿಂಗೇ ಬಿಟ್ರೆ ಹೋಗುತ್ತೆ."

ವಾಪಸು ಬರುವಾಗ ಬಸ್ಸು ಶಿಡ್ಲಘಟ್ಟ ದಾಟುವವರೆಗೂ ಅವಳು ಡಾಕ್ಟರ ಚೀಟಿಯನ್ನೇ ಓದುತ್ತಿದ್ದಳು. ನನ್ನನ್ನು ಬೈಯದ ಶಾರದೆಯನ್ನು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೊನೆಗೆ, "ನಾಳೆಯಿಂದ ನಡೀರಿ. ನಾನೂ ಬರ್ತೀನಿ," ಎಂದಳು. ಮರುದಿನದಿಂದ ಊರಾಚೆಯ ಅಂಬಾಜಿದುರ್ಗ ಬೆಟ್ಟದ ದಾರಿಯಲ್ಲಿ ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಮಾತ್ರೆ ಶುರುವಾಯಿತು, ಮುದ್ದೆ ಚಿಕ್ಕದಾಯಿತು, ಉಪ್ಪಿನಕಾಯಿಯ ಜಾಡಿ ನನ್ನ ಕೈಗೆಟುಕದ ಅಟ್ಟ ಸೇರಿತು. ಕೆಲವು ತಿಂಗಳ ನಂತರ ರಕ್ತ ತಿಳಿಯಾಗಿತ್ತು, ಸೋರಿಕೆ ತಗ್ಗಿತ್ತು. ಪೂರ್ತಿ ನಿಂತಿಲ್ಲ, ಮೈಮರೆಯಬೇಡಿ ಎಂದು ನಸ್ರೀನ್ ಎಚ್ಚರಿಸಿ ಕಳಿಸಿದಳು.

ಮೊನ್ನೆ ಗೌರಿಬಿದನೂರಿನಲ್ಲಿ ಒಂದು ಮದುವೆ. ಶಾರದೆಯ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ಏನ್ ಅಳಿಯಂದ್ರೆ, ಹಿಂಗ್ ಇಳ್ದೋಗಿದೀರಾ? ಒಳಗೇನಾದ್ರೂ ಕಾಯಿಲೆನಾ?" ಎಂದು ಕೇಳಿದರು. ಕಾಯಿಲೆ ಮೈತುಂಬ ಇದ್ದಾಗ, ಮುಖದಲ್ಲಿ ಒಳ್ಳೆ ಕಳೆ ಬಂದಿದೆ ಎಂದು ಬೆನ್ನು ತಟ್ಟಿದ್ದವರು ಇವರೇ. ಆದರೂ ಆ ಪ್ರಶ್ನೆ ಎಷ್ಟು ಹಿತವಾಗಿತ್ತೆಂದರೆ, ಹಾಗೆ ಕೇಳುವವರು ಇನ್ನೂ ಯಾರಾದರೂ ಸಿಕ್ಕಾರೆಂದು ಊಟದ ಪಂಕ್ತಿಗಳ ನಡುವೆ ಒಂದು ಸುತ್ತು ಹಾಕಿದೆ. ಯಾರೂ ಕೇಳಲಿಲ್ಲ. ಇನ್ನೊಂದು ಸುತ್ತಿಗೆ ಹೊರಟೆ. ಒಬ್ಬಟ್ಟು ಬಡಿಸುವವರ ಬೆನ್ನು ಹತ್ತಿದ್ದೇನೆಂದು ತಪ್ಪು ತಿಳಿದ ಶಾರದೆ, ಎಲ್ಲರೆದುರೇ ನನ್ನ ತೋಳು ಹಿಡಿದು ಎಳೆದೊಯ್ದು ಕೈ ತೊಳೆಸಿದಳು.